ಟೊಲೆಡೊಗೆ ಅರ್ಧ ದಿನ ಸಾಲಲ್ಲ

ಯಾವ್ದಾದ್ರೂ ಯೂರೋಪ್ ಟೂರ್ ಬ್ರೋಷರ್ ತೆಗೆದು ನೋಡಿ, ಸ್ಪೇನ್ ಇದ್ರೆ ಮ್ಯಾಡ್ರಿಡ್ ಕೆಳಗಡೆ ಒಂದು ಸಾಲು ಇರುತ್ತೆ, "ಹಾಫ್ ಡೇ ಟೊಲೆಡೊ" ಅಂತ. ಊಟ ಆದ್ಮೇಲೆ ಬಸ್ ಹತ್ತಿಸ್ತಾರೆ, ನದಿ ಆಚೆ ದಂಡೆಯಿಂದ ಒಂದು ಗ್ರೂಪ್ ಫೋಟೋ, ಕತ್ತಿ ಮಾರೋ ಅಂಗಡಿಯಲ್ಲಿ ಮುಕ್ಕಾಲು ಗಂಟೆ, ಕೆಥೆಡ್ರಲ್‌ಗೆ ಹೊರಗಡೆಯಿಂದಲೇ ಒಂದು ನಮಸ್ಕಾರ, ಕತ್ತಲಾಗೋಷ್ಟರಲ್ಲಿ ವಾಪಸ್ ಹೋಟೆಲ್. ನಾನೂ ಇದೇ ಟೂರ್ ಲೈನ್‌ನಲ್ಲಿ ಬಹಳ ವರ್ಷ ಕೆಲಸ ಮಾಡ್ದವನು, ನಮ್ಮ ಕಡೆಯವರ ಗ್ರೂಪ್‌ಗಳನ್ನ ಕರ್ಕೊಂಡು ಓಡಾಡ್ದವನು, ಹಂಗಾಗಿ ಅದು ಯಾಕೆ ಅರ್ಧ ದಿನ ಅಂತ ನನಗೆ ಚೆನ್ನಾಗೇ ಗೊತ್ತು. ಒಂದು ರಾತ್ರಿ ಹೋಟೆಲ್ ಖರ್ಚು ಉಳಿಯುತ್ತೆ, ಬೆಳಗ್ಗೆ ಮ್ಯಾಡ್ರಿಡ್ ಮುಗಿಸ್ಬೋದು, ಎರಡು ಊರು ನೋಡಿದ್ವಿ ಅಂತ ಲೆಕ್ಕಕ್ಕೂ ಬರುತ್ತೆ. ಆದ್ರೆ ನನ್ನ ಕೇಳಿದ್ರೆ, ಟೊಲೆಡೊಗೆ ಬೆಳಗ್ಗೆಯಿಂದ ಸಂಜೆವರೆಗೂ ಒಂದು ಪೂರ್ತಿ ದಿನ ಕೊಡೋಕೆ ಆಗಲ್ಲ ಅಂದ್ರೆ ಆ ಸಾಲನ್ನ ಬ್ರೋಷರ್‌ನಿಂದ ಹೊಡೆದು ಹಾಕೋದೇ ವಾಸಿ. ಯಾಕಂದ್ರೆ ಅರ್ಧ ದಿನದಲ್ಲಿ ಸಿಗೋದು ಬರೀ ಆ ಊರಿನ ಜಾಹೀರಾತು ಅಷ್ಟೇ.

ಇವತ್ತು ಇಲ್ಲಿ ಕೇಳೋಕೆ ಬಂದಿರೋ ನಿಮಗೆ ಮೊದಲು ಊರು ಎಲ್ಲಿದೆ ಅಂತ ಹೇಳ್ಬಿಡ್ತೀನಿ. ಮ್ಯಾಡ್ರಿಡ್‌ನಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್. ಗ್ರೂಪ್ ಆದ್ರೆ ಕೋಚ್‌ನಲ್ಲಿ ಒಂದು ಗಂಟೆ, ನೀವೇ ಹೋಗೋದಾದ್ರೆ ಅತೋಚಾ ಸ್ಟೇಷನ್‌ನಿಂದ ಫಾಸ್ಟ್ ಟ್ರೈನ್ ಹತ್ತಿ, ಅರ್ಧ ಗಂಟೆ ಚಿಲ್ಲರೆ ಅಷ್ಟೇ. ನಾನಂತೂ ಟ್ರೈನೇ ಅಂತೀನಿ, ಯಾಕಂದ್ರೆ ಟೊಲೆಡೊ ಸ್ಟೇಷನ್ನೇ ನೋಡೋ ಹಂಗಿದೆ, 1919ರಲ್ಲಿ ಶುರುವಾದ ಕಟ್ಟಡ, ಆದ್ರೆ ಇಟ್ಟಿಗೆ ಕಮಾನು, ಬಣ್ಣದ ಗಾಜು, ಮರದ ಸೀಲಿಂಗ್ ಎಲ್ಲ ನೋಡಿದ್ರೆ ಯಾವ್ದೋ ಹಳೇ ಅರಮನೆಗೆ ಬಂದ್ವಾ ಅನ್ಸುತ್ತೆ, ಟಿಕೆಟ್ ಕೌಂಟರ್ ಮುಂದೆ ನಿಂತು ನಮ್ಮೋರು ಹತ್ತು ನಿಮಿಷ ಫೋಟೋ ತೆಗೀತಾರೆ. ಕೋಚ್‌ನಲ್ಲಿ ಹೋಗೋರಿಗೆ ಒಂದು ಮಾತು. ಅಲ್ಲಿ ಡ್ರೈವರ್‌ಗೆ ದಿನಕ್ಕೆ ಇಷ್ಟೇ ಗಂಟೆ, ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ರೆಸ್ಟ್ ಅಂತ ಕಾನೂನಿದೆ, ಗಾಡಿಯಲ್ಲಿರೋ ಮಷೀನು ಅದನ್ನೆಲ್ಲ ಬರ್ಕೊಳುತ್ತೆ. "ಇನ್ನೊಂದು ಅರ್ಧ ಗಂಟೆ ಅಡ್ಜಸ್ಟ್ ಮಾಡ್ಕೊಳಪ್ಪಾ" ಅನ್ನೋದು ಅಲ್ಲಿ ನಡೆಯಲ್ಲ. ಹಂಗಾಗಿ ಟೂರ್ ಮ್ಯಾನೇಜರ್ ನಿಮ್ಮನ್ನ ಓಡಿಸ್ತಾ ಇದ್ರೆ ಅವ್ನಿಗೆ ಬಯ್ಬೇಡಿ, ಅವನ ತಲೆಯಲ್ಲಿ ಆ ಮಷೀನು ಟಿಕ್ ಟಿಕ್ ಅಂತಿರುತ್ತೆ.

ಊರಿನ ಆಕಾರ ಅರ್ಥ ಆಗ್ಬೇಕು ಅಂದ್ರೆ ಆ ಫೋಟೋ ಪಾಯಿಂಟ್ ಬೇಕು, ಅದನ್ನ ನಾನು ತಳ್ಳಿಹಾಕಲ್ಲ. ಮಿರಾದೋರ್ ದೆಲ್ ವಾಯೆ ಅಂತಾರೆ. ಅಲ್ಲಿ ನಿಂತ್ರೆ ಎದುರಿಗೆ ಒಂದು ಬಂಡೆ ಗುಡ್ಡ, ಅದನ್ನ ಮೂರು ಕಡೆಯಿಂದ ತಾಹೊ ನದಿ ಸುತ್ಕೊಂಡು ಹೋಗಿದೆ, ಆಳವಾದ ಕಮರಿ, ಗುಡ್ಡದ ಮೇಲೆ ಒಂದರ ಮೇಲೊಂದು ಹತ್ತಿ ಕೂತಂಗೆ ಮನೆಗಳು. ನಾಲ್ಕನೇ ಕಡೆ, ಅಂದ್ರೆ ಉತ್ತರಕ್ಕೆ ಮಾತ್ರ ಕೋಟೆ ಗೋಡೆ ಬೇಕಿತ್ತು, ಉಳಿದಿದ್ದನ್ನ ನದಿನೇ ನೋಡ್ಕೊಂಡಿದೆ. ರೋಮನ್ ಇತಿಹಾಸಕಾರ ಲಿವಿ ಎರಡು ಸಾವಿರ ವರ್ಷದ ಹಿಂದೆನೇ ಈ ಊರು ಚಿಕ್ಕದು, ಆದ್ರೆ ಜಾಗದಿಂದಲೇ ಗಟ್ಟಿ ಅನ್ನೋ ಅರ್ಥದಲ್ಲಿ ಬರ್ದಿದಾನೆ. ಹಿಡಿಯೋಕೆ ಕಷ್ಟ, ಹಿಡಿದವನು ಬಿಡೋಕೂ ಇಷ್ಟಪಡಲ್ಲ. ರೋಮನ್ನರು ಆದ್ಮೇಲೆ ವಿಸಿಗೋಥ್ ಅನ್ನೋ ಜರ್ಮನ್ ಮೂಲದ ಬುಡಕಟ್ಟಿನ ರಾಜರು 6ನೇ ಶತಮಾನದಲ್ಲಿ ಇದನ್ನೇ ರಾಜಧಾನಿ ಮಾಡ್ಕೊಂಡ್ರು, 711ರ ಹೊತ್ತಿಗೆ ಅರಬ್ಬರು, ಉತ್ತರ ಆಫ್ರಿಕಾದ ಬೆರ್ಬೆರರು ಬಂದ್ರು, ಮುಸ್ಲಿಂ ಆಳ್ವಿಕೆ ಶುರುವಾಯ್ತು, 1085ರಲ್ಲಿ ಉತ್ತರದ ಕ್ರೈಸ್ತ ರಾಜ್ಯ ಕಾಸ್ತೀಲ್‌ನ ರಾಜ ಆರನೇ ಅಲ್ಫೊನ್ಸೊ ತಗೊಂಡ. ಆಮೇಲೆ 1561ರಲ್ಲಿ ಸ್ಪೇನ್ ರಾಜ ಎರಡನೇ ಫಿಲಿಪ್ ತನ್ನ ದರ್ಬಾರನ್ನ ಮ್ಯಾಡ್ರಿಡ್‌ಗೆ ಎತ್ತಿಕೊಂಡು ಹೋದ. ನೋಡಿ, ಟೂರಿಸ್ಟ್‌ಗಳಾಗಿ ನಾವು ಥ್ಯಾಂಕ್ಸ್ ಹೇಳ್ಬೇಕಾಗಿರೋದು ಈ ಕೊನೆಯವನಿಗೆ. ದರ್ಬಾರು ಹೋಯ್ತು, ಜೊತೆಗೆ ದುಡ್ಡು ಹೋಯ್ತು, ಹಳೇದನ್ನ ಕೆಡವಿ ಹೊಸದು ಕಟ್ಟೋ ತಾಕತ್ತು ಊರಿಗೆ ಉಳೀಲಿಲ್ಲ. ಅದಕ್ಕೇ ಇಷ್ಟೆಲ್ಲ ಉಳ್ಕೊಂಡಿದೆ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರ್ತು.

ಮಂಡಿ ನೋವಿರೋರು ಹೆದರ್ಬೇಡಿ. ಗುಡ್ಡ ಹತ್ತೋಕೆ ಎಸ್ಕಲೇಟರ್ ಇದೆ, ಹಳೇ ಕೋಟೆ ಗೋಡೆ ಪಕ್ಕದಲ್ಲೇ ಗುಡ್ಡದ ಹೊಟ್ಟೆ ಸೀಳಿ ಅಂಕುಡೊಂಕಾಗಿ ಹಾಕಿದಾರೆ, 2000ದಲ್ಲಿ ಆಗಿದ್ದು, ದುಡ್ಡು ಕೊಡೋದು ಬೇಡ. ಹತ್ತೋದು ಸುಲಭ, ಕಷ್ಟ ಇರೋದು ಮೇಲೆ ಹೋದ್ಮೇಲೆ. ಒಳಗಡೆ ಇರೋ ಬೀದಿಗಳು ಒಂದು ನೇರ ಇಲ್ಲ, ಒಂದು ಸಮತಟ್ಟಿಲ್ಲ, ಗುಂಡುಕಲ್ಲು ಹಾಸಿರ್ತಾರೆ, ಮಳೆ ಬಂದ್ರೆ ಜಾರುತ್ತೆ. ರೇಷ್ಮೆ ಸೀರೆ ಉಟ್ಕೊಳಿ, ಯಾರು ಬೇಡ ಅಂದ್ರು, ಆದ್ರೆ ಕಾಲಿಗೆ ಸ್ಪೋರ್ಟ್ಸ್ ಶೂ ಹಾಕ್ಕೊಳಿ.

ಈಗ ವಿಷಯಕ್ಕೆ ಬರ್ತೀನಿ. ಬಸ್ ಇಳೀತಿದ್ದಂಗೆ ಲೋಕಲ್ ಗೈಡ್ ಕಿವಿಗೆ ಹಾಕ್ಕೊಳೋ ಹೆಡ್‌ಸೆಟ್ ಹಂಚ್ತಾರಲ್ಲ, ಅದ್ರಲ್ಲಿ ಬರೋ ಮೊದಲನೇ ವಾಕ್ಯ ಏನು ಅಂತ ನಾನು ಈಗಲೇ ಹೇಳ್ಬಲ್ಲೆ. "ಇದು ಮೂರು ಸಂಸ್ಕೃತಿಗಳ ನಗರ, ಇಲ್ಲಿ ಕ್ರೈಸ್ತರು, ಮುಸ್ಲಿಮರು, ಯಹೂದಿಗಳು ಶತಮಾನಗಟ್ಟಲೆ ಸೌಹಾರ್ದದಿಂದ ಬದುಕಿದ್ರು." ಬ್ರೋಷರ್‌ನಲ್ಲೂ ಅದೇ, ಬೋರ್ಡ್‌ನಲ್ಲೂ ಅದೇ, ಫ್ರಿಜ್ ಮ್ಯಾಗ್ನೆಟ್‌ನಲ್ಲೂ ಶಿಲುಬೆ, ಅರ್ಧಚಂದ್ರ, ಆರು ಮೂಲೆ ನಕ್ಷತ್ರ ಸಾಲಾಗಿ. ಒಂದ್ಸಲ ನಮ್ಮ ಗ್ರೂಪ್‌ನಲ್ಲಿ ತುಮಕೂರು ಕಡೆ ಅಜ್ಜಿ ಒಬ್ರಿದ್ರು, ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳ್ತಿದ್ದಂಗೆ ಕೇಳಿಸ್ಕೊಂಡು, "ಅಲ್ಲಪ್ಪಾ, ಅಷ್ಟು ಚೆನ್ನಾಗಿದ್ರು ಅಂತೀಯ, ಮತ್ತೆ ಈಗ ಆ ಇಬ್ರು ಎಲ್ಲಿ ಹೋದ್ರು?" ಅಂದ್ರು. ಗೈಡ್‌ಗೆ ಅದನ್ನ ಇಂಗ್ಲಿಷ್‌ನಲ್ಲಿ ಹೇಳ್ದೆ. ಆಕೆ ನಕ್ಕು, "ಅದು ಮಧ್ಯಾಹ್ನದ ಭಾಗ" ಅಂದ್ಳು. ಒಳ್ಳೇ ಗೈಡ್ ಅವಳು. ಅರ್ಧ ದಿನದ ಟೂರ್‌ನಲ್ಲಿ ಏನಾಗುತ್ತೆ ಅಂದ್ರೆ ಆ ಮಧ್ಯಾಹ್ನದ ಭಾಗ ಬರೋದೇ ಇಲ್ಲ.

ಸೌಹಾರ್ದ ಅನ್ನೋದು ಸುಳ್ಳು ಅಂತ ನಾನು ಹೇಳ್ತಿಲ್ಲ. ಅಕ್ಕಪಕ್ಕ ಇದ್ರು, ವ್ಯಾಪಾರ ಮಾಡಿದ್ರು, ಒಬ್ಬರ ಕೈಕೆಲಸ ಇನ್ನೊಬ್ರು ಬಳಸ್ಕೊಂಡ್ರು. ಆದ್ರೆ ಯಾವ ಕಾಲದಲ್ಲೂ ಮೇಲೆ ಕೂತವರು ಒಬ್ರು, ಅವ್ರ ಕೆಳಗೆ ತೆರಿಗೆ ಕಟ್ಕೊಂಡು ತಲೆತಗ್ಗಿಸಿ ಇದ್ದವರು ಉಳಿದವರು. ಯಾರು ಮೇಲೆ ಅನ್ನೋದು ಮಾತ್ರ ಬದಲಾಗ್ತಾ ಹೋಯ್ತು. ಇದು ಪುಸ್ತಕ ಓದದೇ ಬರೀ ಕಟ್ಟಡ ನೋಡಿ ಗೊತ್ತಾಗೋ ಊರು ಪ್ರಪಂಚದಲ್ಲಿ ಕಮ್ಮಿ, ಟೊಲೆಡೊ ಅಂಥದ್ದು. ಅದಕ್ಕೇ ನಾನು ನಮ್ಮ ಗ್ರೂಪ್‌ಗಳನ್ನ ಮೊದಲು ಕೆಥೆಡ್ರಲ್‌ಗೆ ಕರ್ಕೊಂಡು ಹೋಗ್ತಿರ್ಲಿಲ್ಲ, ಎಲ್ಲರೂ ಅದನ್ನೇ ಮಾಡ್ತಾರೆ. ನಾನು ಶುರು ಮಾಡ್ತಿದ್ದಿದ್ದು ಒಂದು ಪುಟಾಣಿ ಮಸೀದಿಯಿಂದ.

ಕ್ರಿಸ್ತೊ ದೆ ಲಾ ಲೂಸ್ ಅಂತ ಹೆಸರು. ಮಸೀದಿಗೆ ಕ್ರಿಸ್ತನ ಹೆಸರು, ಅಲ್ಲೇ ಅರ್ಧ ಕಥೆ ಇದೆ ಅಂದ್ಕೊಳಿ. ಎಂಟು ಮೀಟರ್‌ಗೆ ಎಂಟು ಮೀಟರ್ ಚೌಕ, ಹೆಚ್ಚುಕಮ್ಮಿ ನಮ್ಮ ಒಂದು ದೊಡ್ಡ ಹಾಲ್‌ನಷ್ಟು. ಹೊರಗಡೆ ಮುಂಭಾಗದ ಮೇಲ್ಗಡೆ ನೋಡಿ, ಬಣ್ಣ ಇಲ್ಲ, ಕಲ್ಲಲ್ಲಿ ಕೆತ್ತಿಲ್ಲ, ಇಟ್ಟಿಗೆಗಳನ್ನೇ ಉದ್ದ ಅಡ್ಡ ಜೋಡಿಸಿ ಅರಬ್ಬಿ ಅಕ್ಷರ ಮಾಡಿದಾರೆ. ಅಹ್ಮದ್ ಇಬ್ನ್ ಹದೀದಿ ಅನ್ನೋನು ತನ್ನ ಸ್ವಂತ ದುಡ್ಡಲ್ಲಿ ಕಟ್ಟಿಸಿದ, ಕಟ್ಟಡದ ಉಸ್ತುವಾರಿ ಮೂಸಾ ಇಬ್ನ್ ಅಲಿ, ಹಿಜರಿ 390ರ ಮೊಹರಂ ತಿಂಗಳಲ್ಲಿ ಮುಗೀತು ಅಂತ ಅದ್ರಲ್ಲಿದೆ. ಅಂದ್ರೆ 999ರ ಕೊನೆ, 1000ದ ಶುರು. ಕಟ್ಟಿಸಿದವನ ಹೆಸರು, ಮೇಸ್ತ್ರಿ ಹೆಸರು, ತಿಂಗಳು, ಎಲ್ಲ ಗೋಡೆ ಮೇಲೆ. ಒಳಗೆ ಹೋಗಿ ತಲೆ ಎತ್ತಿ. ನಾಲ್ಕು ಕಂಬ, ಅದ್ರಿಂದ ಒಂಬತ್ತು ಚೌಕ, ಒಂಬತ್ತಕ್ಕೂ ಮೇಲೆ ಒಂದೊಂದು ಚಿಕ್ಕ ಗುಮ್ಮಟ, ಒಂದು ಇದ್ದಂಗೆ ಇನ್ನೊಂದಿಲ್ಲ. ಪಟ್ಟಿಗಳು ಒಂದನ್ನೊಂದು ದಾಟ್ಕೊಂಡು ಹೋಗೋ ವಿನ್ಯಾಸ ಒಂಬತ್ತು ಥರ. ಗ್ರೂಪ್‌ನಲ್ಲಿ ಮಕ್ಕಳಿದ್ರೆ "ಎರಡು ಒಂದೇ ಥರದ್ದು ಹುಡುಕಿ" ಅಂತ ಬಿಟ್ಬಿಡ್ತಿದ್ದೆ, ಕತ್ತು ನೋಯೋವರೆಗೂ ಹುಡುಕೋರು. ಕಂಬದ ತಲೆ ನೋಡಿದ್ರೆ ಅದು ಮುಸ್ಲಿಮರ ಕೆಲಸ ಅಲ್ಲ, ಅದಕ್ಕಿಂತ ಹಳೇ ವಿಸಿಗೋಥ್ ಕಟ್ಟಡದಿಂದ ತಂದು ನಿಲ್ಲಿಸಿರೋದು. ಅದಕ್ಕೂ ಕೆಳಗೆ, ಆವರಣದಲ್ಲಿ ಅಗೆದಾಗ ರೋಮನ್ ಕಾಲದ ಕಲ್ಲುಹಾಸಿನ ರಸ್ತೆ ಸಿಕ್ಕಿದೆ, ಅದನ್ನೂ ನೋಡ್ಬೋದು.

ಮಸೀದಿಯ ಹಿಂದುಗಡೆ ಅರ್ಧವೃತ್ತದ ಒಂದು ಭಾಗ ಅಂಟ್ಕೊಂಡಿದೆ, ಅದು ಚರ್ಚಿನ ಗರ್ಭಗುಡಿ, 12ನೇ ಶತಮಾನದ ಕೊನೆಯಲ್ಲಿ ಸೇರಿಸಿದ್ದು. ಒಳಗೆ ಅದ್ರ ಗೋಡೆ ಮೇಲೆ ಕ್ರಿಸ್ತನ ಚಿತ್ರ ಇದೆ. ಆದ್ರೆ ಹೊರಗಡೆಯಿಂದ ನೋಡಿ, ಹೊಸ ಭಾಗ ಎಲ್ಲಿ ಶುರುವಾಗುತ್ತೆ ಅಂತ ತೋರಿಸಿ ಅಂದ್ರೆ ಬಹಳ ಜನಕ್ಕೆ ಆಗಲ್ಲ. ಅದೇ ಇಟ್ಟಿಗೆ, ಅದೇ ಕುರುಡು ಕಮಾನುಗಳ, ಅಂದ್ರೆ ಹಿಂದೆ ಗೋಡೆ ಮುಚ್ಚಿರೋ ಕಮಾನುಗಳ ಸಾಲು. ಅಧಿಕಾರ ಬದಲಾಗಿ ನೂರು ವರ್ಷ ಆಗಿದ್ರೂ ಕೆಲಸದ ಕೈ ಅದೇ. ಮುದೆಹಾರ್ ಅಂತಾರೆ ಈ ಶೈಲಿಗೆ, ಕ್ರೈಸ್ತ ರಾಜ್ಯದಲ್ಲಿ ಉಳ್ಕೊಂಡ ಮುಸ್ಲಿಮರ ಕಸುಬಿನ ಶೈಲಿ. ಇನ್ನು ಬಾಗಿಲ ಮುಂದೆ ಬೀದಿಯಲ್ಲಿ ಒಂದು ಬಿಳಿ ಕಲ್ಲಿದೆ. ಅಲ್ಫೊನ್ಸೊ ಊರೊಳಗೆ ಬರುವಾಗ ಕುದುರೆ ಅಲ್ಲಿ ಮಂಡಿ ಊರಿ ಕೂತ್ಬಿಡ್ತಂತೆ, ಗೋಡೆ ಒಡೆದು ನೋಡಿದ್ರೆ ಒಳಗೆ ಶಿಲುಬೆ ಮುಂದೆ ದೀಪ ಉರೀತಾ ಇತ್ತಂತೆ, ಮುನ್ನೂರು ಚಿಲ್ಲರೆ ವರ್ಷದಿಂದ. ಇದು ದಂತಕಥೆ. ಮಸೀದಿಯನ್ನ ಚರ್ಚ್ ಮಾಡ್ಕೊಳೋಕೆ ಒಂದು ಕಥೆ ಬೇಕಿತ್ತು ಅಂತ ನನ್ನ ಅನಿಸಿಕೆ, ಅಂಥ ಕಥೆಗಳು ಎಲ್ಲ ಊರಲ್ಲೂ ಹುಟ್ಟುತ್ವೆ.

ಅಲ್ಫೊನ್ಸೊ ಬಗ್ಗೆ ಇನ್ನೊಂದು ಮಾತು. ಇವ್ನು 1072ರಲ್ಲಿ ಸ್ವಂತ ಅಣ್ಣನ ಕೈಯಲ್ಲಿ ಸೋತು ಓಡಿಬಂದಾಗ ಆಶ್ರಯ ಕೊಟ್ಟಿದ್ದೇ ಟೊಲೆಡೊದ ಮುಸ್ಲಿಂ ದೊರೆ ಅಲ್-ಮಾಮೂನ್. ಉಂಡು ತಿಂದು ಇದ್ದ ಊರು, ಸಂದಿಗೊಂದಿ ಎಲ್ಲ ಗೊತ್ತು, 13 ವರ್ಷ ಆದ್ಮೇಲೆ ಅದನ್ನೇ ತಗೊಂಡ. ಶರಣಾಗತಿ ಒಪ್ಪಂದದಲ್ಲಿ ದೊಡ್ಡ ಮಸೀದಿ ಮುಸ್ಲಿಮರಿಗೇ ಇರ್ಲಿ ಅಂತ ಒಪ್ಕೊಂಡಿದ್ದ. ಅವ್ನು ಊರಲ್ಲಿಲ್ಲದಾಗ ರಾಣಿ ಕಾನ್‌ಸ್ಟಾನ್ಸ್ ಮತ್ತೆ ಆರ್ಚ್‌ಬಿಷಪ್ ಬರ್ನಾರ್ಡ್, ಇಬ್ಬರೂ ಫ್ರಾನ್ಸ್ ಕಡೆಯವರು, ಸೇರ್ಕೊಂಡು ಮಸೀದಿಯನ್ನ ಕಿತ್ಕೊಂಡ್ರು ಅಂತ ಹಳೇ ವೃತ್ತಾಂತ ಹೇಳುತ್ತೆ. ರಾಜ ಕೆಂಡವಾಗಿ ಬಂದಾಗ ಮುಸ್ಲಿಮರ ಕಡೆ ಧರ್ಮಪಂಡಿತನೇ ಎದುರು ಹೋಗಿ, ಅವ್ರಿಗೆ ಶಿಕ್ಷೆ ಕೊಡ್ಬೇಡ ಅಂತ ಬೇಡ್ಕೊಂಡ್ನಂತೆ. ಯಾಕೆ ಅಂತ ಯೋಚನೆ ಮಾಡಿ. ರಾಣಿಗೆ ಶಿಕ್ಷೆ ಆದ್ರೆ ನಾಳೆ ಅದರ ಸೇಡು ಯಾರ ಮೇಲೆ ಬರುತ್ತೆ? ಕೆಥೆಡ್ರಲ್‌ನ ಮುಖ್ಯ ಗರ್ಭಗುಡಿಯಲ್ಲಿ ಆ ಪಂಡಿತನ ವಿಗ್ರಹ ಇವತ್ತೂ ಇದೆ. ಗೈಡ್‌ಗಳು ಅದನ್ನ ಸೌಹಾರ್ದದ ಗುರುತು ಅಂತ ತೋರಿಸ್ತಾರೆ, ನನಗೆ ಅಲ್ಲಿ ಕಾಣೋದು ಭಯ. ನೀವು ನೋಡಿ, ನಿಮಗೇನು ಅನ್ಸುತ್ತೋ.

ಕೆಥೆಡ್ರಲ್ ಆ ಮಸೀದಿ ಜಾಗದಲ್ಲೇ 1226ರ ಸುಮಾರಿಗೆ ಶುರುವಾಯ್ತು, ಮುಗಿಯೋಕೆ ಎರಡೂವರೆ ಶತಮಾನ ಹಿಡೀತು. ಬಹಳ ದೊಡ್ಡದು, ಅದನ್ನ ಇಲ್ಲಿ ಮಾತಲ್ಲಿ ಹೇಳೋಕೆ ಹೋಗಲ್ಲ. ಎರಡೇ ವಿಷಯ. ಗರ್ಭಗುಡಿ ಹಿಂದೆ ಚಾವಣಿಯಲ್ಲಿ ದೊಡ್ಡ ತೂತು ಕೊರೆದು ಬೆಳಕು ಬೀಳೋ ಹಂಗೆ ಮಾಡಿದಾರೆ, 1732ರಲ್ಲಿ ಮುಗಿದ ಕೆಲಸ, ಬಿಸಿಲು ಬಂದಾಗ ಅಮೃತಶಿಲೆಯ ದೇವದೂತರೆಲ್ಲ ಆ ತೂತಿಂದ ಉದುರ್ತಾ ಇದಾರೇನೋ ಅನ್ಸುತ್ತೆ. ಇನ್ನೊಂದು, ಮೂಲೆಯಲ್ಲಿ ಮೊಸಾರಬಿಕ್ ಚಾಪೆಲ್. ಮುಸ್ಲಿಂ ಆಳ್ವಿಕೆಯಲ್ಲಿ ಕ್ರೈಸ್ತರಾಗೇ ಉಳಿದವರು ಮೊಸಾರಬ್‌ಗಳು, ಅವ್ರ ಪೂಜಾಕ್ರಮ ರೋಮ್‌ನವರದ್ದಕ್ಕಿಂತ ಬೇರೆ, ಹಳೇದು, ಆ ಕ್ರಮದಲ್ಲಿ ಇವತ್ತೂ ಅಲ್ಲಿ ಪೂಜೆ ನಡೆಯುತ್ತೆ. ಈ ಜನ ಅರಬ್ಬಿನೇ ಮಾತಾಡೋರು. ಅಲ್ಫೊನ್ಸೊ ಬಂದು ಕ್ರೈಸ್ತ ರಾಜ್ಯ ಆದ್ಮೇಲೂ ಸುಮಾರು ಎರಡು ಶತಮಾನ ಮನೆ ಮಾರಿದ ಪತ್ರ, ದ್ರಾಕ್ಷಿ ತೋಟದ ಕ್ರಯ, ವಿಲ್, ಎಲ್ಲ ಅರಬ್ಬಿಯಲ್ಲೇ ಬರೆಸ್ಕೊಂಡಿದಾರೆ, ಅಂಥ ಸಾವಿರಕ್ಕೂ ಹೆಚ್ಚು ಪತ್ರ ಉಳಿದಿವೆ. ಸಬ್‌ರಿಜಿಸ್ಟ್ರಾರ್ ಆಫೀಸ್ ಕಾಗದಪತ್ರ ನೋಡಿ ಅಭ್ಯಾಸ ಇರೋರಿಗೆ ಗೊತ್ತು, ಜನ ಯಾವ ಭಾಷೆಯಲ್ಲಿ ಆಸ್ತಿ ಪತ್ರ ಮಾಡಿಸ್ತಾರೋ ಅದನ್ನ ಅವ್ರು ನಿಜವಾಗ್ಲೂ ನಂಬ್ತಾರೆ ಅಂತ ಅರ್ಥ.

ಈ ಎರಡು ಮೂರು ಭಾಷೆ ಬಲ್ಲ ಜನ ಇದ್ದಿದ್ದಕ್ಕೇ ಟೊಲೆಡೊದಲ್ಲಿ ಇನ್ನೊಂದು ದೊಡ್ಡ ಕೆಲಸ ಆಯ್ತು, ಅನುವಾದ. ಇದಕ್ಕೆ ತೋರಿಸೋಕೆ ಕಟ್ಟಡ ಇಲ್ಲ, ಹಂಗಾಗಿ ಟೂರ್‌ನಲ್ಲಿ ಎರಡು ನಿಮಿಷದಲ್ಲಿ ಮುಗಿಸ್ಬಿಡ್ತಾರೆ. 12ನೇ ಶತಮಾನದಲ್ಲಿ ಯೂರೋಪಿನ ಓದುಬಲ್ಲವರು ಇಲ್ಲಿಗೆ ಬರೋಕೆ ಶುರು ಮಾಡಿದ್ರು, ಯಾಕಂದ್ರೆ ಗ್ರೀಕರ ವಿಜ್ಞಾನ, ಅರಬ್ಬರ ವೈದ್ಯ, ಗಣಿತ ಎಲ್ಲ ಅರಬ್ಬಿ ಪುಸ್ತಕಗಳಲ್ಲಿ ಇಲ್ಲಿ ಸಿಗ್ತಿತ್ತು. ಇಟಲಿಯ ಕ್ರೆಮೋನಾ ಊರಿನ ಗೆರಾರ್ಡ್ ಅಂತ ಒಬ್ಬ ಪ್ರಾಚೀನ ಗ್ರೀಕ್ ಪಂಡಿತ ಟಾಲೆಮಿಯ ಖಗೋಳ ಗ್ರಂಥ ಹುಡುಕ್ಕೊಂಡು ಬಂದ, ಬಂದವನು ಇಲ್ಲೇ ಉಳಿದು 1187ರಲ್ಲಿ ಸಾಯೋಷ್ಟರಲ್ಲಿ 70ಕ್ಕೂ ಹೆಚ್ಚು ಗ್ರಂಥ ಲ್ಯಾಟಿನ್‌ಗೆ ತಂದ. ಕೆಲಸ ಮಾಡ್ತಿದ್ದ ರೀತಿ ಕೇಳಿ. ಇಬ್ಬಿಬ್ಬರು ಕೂರೋರು. ಅರಬ್ಬಿ ಬಲ್ಲ ಯಹೂದಿನೋ ಮೊಸಾರಬ್ಬನೋ ಪುಸ್ತಕ ನೋಡ್ಕೊಂಡು ಅಲ್ಲಿನ ಆಡುಮಾತಲ್ಲಿ ಬಾಯಲ್ಲಿ ಹೇಳೋನು, ಪಕ್ಕದಲ್ಲಿ ಕೂತ ಪಾದ್ರಿ ಅದನ್ನ ಲ್ಯಾಟಿನ್‌ಗೆ ತಿರುಗಿಸಿ ಬರ್ಕೊಳೋನು. ಇಬ್ಬರಲ್ಲಿ ಯಾರಿಗೂ ಪೂರ್ತಿ ಕೆಲಸ ಒಬ್ರೇ ಮಾಡೋಕೆ ಬರ್ತಿರ್ಲಿಲ್ಲ. ಪರ್ಷಿಯಾದ ವೈದ್ಯ, ತತ್ತ್ವಜ್ಞಾನಿ ಅವಿಸೆನ್ನಾ, ಅಂದ್ರೆ ಇಬ್ನ್ ಸೀನಾ ಬರೆದ ಆತ್ಮದ ಬಗ್ಗೆಯ ಗ್ರಂಥ ಹೀಗೇ ಆಗಿದ್ದು ಅಂತ ಅದರ ಮುನ್ನುಡಿಯಲ್ಲೇ ಇದೆ. ಆದ್ರೆ ಲ್ಯಾಟಿನ್ ಪುಸ್ತಕಗಳ ಮೇಲೆ ಬಹಳ ಸಲ ಬರ್ಕೊಂಡವನ ಹೆಸರು ಮಾತ್ರ ನಿಂತಿದೆ, ಬಾಯಲ್ಲಿ ಹೇಳ್ದವನ ಹೆಸರು ಬಿಟ್ಟೋಗಿದೆ. ಸೌಹಾರ್ದದ ಲೆಕ್ಕ ಇಲ್ಲೂ ಹಂಗೇ.

ಸ್ವಲ್ಪ ದಾರಿ ತಪ್ತೀನಿ, ನಮ್ಮ ದೇಶದ ಮಾತು ಬಂತು ಅಂತ. ಅಲ್ಫೊನ್ಸೊ ಬರೋಕೆ ಮುಂಚೆ ಟೊಲೆಡೊದಲ್ಲಿ ಸಾಯಿದ್ ಅಲ್-ಅಂದಲೂಸಿ ಅಂತ ಖಾಜಿ ಒಬ್ಬ ಇದ್ದ. 1068ರಲ್ಲಿ ಒಂದು ಪುಸ್ತಕ ಬರೆದ, ಪ್ರಪಂಚದಲ್ಲಿ ವಿಜ್ಞಾನ ಬೆಳೆಸಿದ ಜನಾಂಗಗಳು ಎಂಟು ಅಂತ ಲೆಕ್ಕ ಹಾಕಿ ಒಂದೊಂದರ ಬಗ್ಗೆ ಬರೀತಾನೆ. ಅದ್ರಲ್ಲಿ ಮೊದಲನೇದು ಯಾವ್ದು ಗೊತ್ತಾ? ಭಾರತೀಯರು. ನಮ್ಮ ಅಂಕಿಗಳ ಬಗ್ಗೆ, ಖಗೋಳದ ಬಗ್ಗೆ, ನರಿಗಳ ಕಥೆ ಪುಸ್ತಕದ ಬಗ್ಗೆ ಎಲ್ಲ ಹೇಳ್ತಾನೆ, ದೇಶ ದೂರ ಆಗಿದ್ರಿಂದ ಅವ್ರ ಪುಸ್ತಕ ನಮ್ಮ ಕೈಗೆ ಸಿಕ್ಕಿದ್ದು ಕಮ್ಮಿ ಅಂತಾನೂ ಹೇಳ್ತಾನೆ. ಆ ನರಿಗಳು ಯಾರು, ಪಂಚತಂತ್ರದ ಕರಟಕ ದಮನಕ. ಆ ಕಥೆ ಪರ್ಷಿಯಾಗೆ ಹೋಗಿ, 8ನೇ ಶತಮಾನದಲ್ಲಿ ಅರಬ್ಬಿ ಆಗಿ, ಕೊನೆಗೆ 1251ರಲ್ಲಿ ಸ್ಪ್ಯಾನಿಷ್ ಆಯ್ತು, ಆ ಅನುವಾದದ ಹಿಂದೆ ಇದ್ದವನು ಟೊಲೆಡೊದಲ್ಲೇ ಹುಟ್ಟಿದ ಹತ್ತನೇ ಅಲ್ಫೊನ್ಸೊ. ನಮ್ಮಲ್ಲಿ ದುರ್ಗಸಿಂಹ ಚಾಲುಕ್ಯರ ಕಾಲದಲ್ಲಿ, 1031ರ ಸುಮಾರಿಗೆ ಕನ್ನಡಕ್ಕೆ ತಂದಿದ್ದ. ಅಂದ್ರೆ ಕನ್ನಡದವರು ಎರಡು ಶತಮಾನ ಮುಂಚೆನೇ ಓದಿಯಾಗಿತ್ತು. ಇದನ್ನ ಹೇಳಿದಾಗ ಬಸ್ಸಲ್ಲಿ ಯಾವಾಗ್ಲೂ ಚಪ್ಪಾಳೆ ಬೀಳುತ್ತೆ, ಇಲ್ಲೂ ಬಿತ್ತು ನೋಡಿ. ಸರಿ ವಾಪಸ್ ಬರ್ತೀನಿ.

ಊಟ. ವೆಜಿಟೇರಿಯನ್ ಆದ್ರೆ ಪಿಸ್ತೊ ಅಂತ ಕೇಳಿ, ಟೊಮೇಟೊ, ಕ್ಯಾಪ್ಸಿಕಂ, ಝುಕಿನಿ ಹಾಕಿ ಬೇಯಿಸಿರೋದು, ಮೇಲೆ ಮೊಟ್ಟೆ ಒಡೆದು ಹಾಕ್ತಾರೆ, ಹಂಗಾಗಿ ಮೊದಲೇ ಬೇಡ ಅಂತ ಹೇಳಿ. ಕಾರ್ಕಾಮುಸಾಸ್ ಅಂತ ಬೋರ್ಡ್‌ನಲ್ಲಿರುತ್ತೆ, ಅದು ಹಂದಿ ಮಾಂಸ. ಮಾಸಪಾನ್ ಮಾತ್ರ ಬಿಡ್ಬೇಡಿ, ಬಾದಾಮಿ ಸಕ್ಕರೆ ಅರೆದು ಮಾಡೋ ಸಿಹಿ. ಅಂಗಡಿಗಿಂತ ಸನ್ಯಾಸಿನಿಯರ ಮಠದಲ್ಲಿ ತಗೊಳೋ ಮಜಾ ಬೇರೆ. ಗೋಡೆಯಲ್ಲಿ ಮರದ ತಿರುಗಣೆ ಇರುತ್ತೆ, ಬೆಲ್ ಒತ್ತಿದ್ರೆ ಒಳಗಿಂದ ದನಿ ಬರುತ್ತೆ, ಮುಖ ಕಾಣ್ಸಲ್ಲ, ನೀವು ತಿರುಗಣೆ ಮೇಲೆ ದುಡ್ಡಿಟ್ರೆ ಅದು ಒಂದು ಸುತ್ತು ತಿರುಗಿ ಡಬ್ಬ ಬರುತ್ತೆ.

ಈಗ ಆ ಮಧ್ಯಾಹ್ನದ ಭಾಗ. ಪಶ್ಚಿಮಕ್ಕೆ ಇಳೀತಾ ಹೋದ್ರೆ ಯಹೂದಿಗಳ ಕೇರಿ, ಹುದೆರಿಯಾ. ಬೀದಿ ನೆಲದಲ್ಲಿ, ಗೋಡೆಯಲ್ಲಿ ಅಂಗೈ ಅಗಲದ ಟೈಲ್ಸ್ ಕೂರಿಸಿದಾರೆ, ಹೀಬ್ರೂ ಅಕ್ಷರ, ಏಳು ಕವಲಿನ ದೀಪಸ್ತಂಭ, ಅದನ್ನ ನೋಡ್ಕೊಂಡು ಹೋದ್ರೆ ಕೇರಿಯ ಗಡಿ ಗೊತ್ತಾಗುತ್ತೆ. ಎರಡು ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ಉಳಿದಿವೆ. ಒಂದು ಸಾಂತಾ ಮರಿಯಾ ಲಾ ಬ್ಲಾಂಕಾ, ಇದಕ್ಕೂ ಹೆಸರು ಚರ್ಚ್‌ದು. ಒಳಗೆ ಕಾಲಿಟ್ರೆ ಬಿಳೀ ಕಂಬಗಳ ಕಾಡು, ಕುದುರೆ ಲಾಳದ ಆಕಾರದ ಕಮಾನುಗಳು ಸಾಲುಸಾಲಾಗಿ, ಗೊತ್ತಿಲ್ಲದೆ ಹೋದವರು ಮಸೀದಿ ಅಂತಾನೇ ಅಂದ್ಕೊಳ್ತಾರೆ. ಯೋಚನೆ ಮಾಡಿ, ಯಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟಿರೋ ಶೈಲಿ ಮುಸ್ಲಿಮರದ್ದು, ರಾಜ್ಯ ಕ್ರೈಸ್ತರದ್ದು, ಈಗಿನ ಒಡೆತನ ಚರ್ಚ್‌ದು. ಸ್ಪೇನ್‌ನ ಯಹೂದಿ ಸಮುದಾಯ ವಾಪಸ್ ಕೊಡಿ ಅಂತ ಕೇಳ್ತಾ ಬಂದಿದೆ, ಕೊಟ್ಟಿಲ್ಲ.

ಇನ್ನೊಂದು ಎಲ್ ತ್ರಾನ್ಸಿತೊ, ನನ್ನ ಮಟ್ಟಿಗೆ ಇಡೀ ಊರಲ್ಲಿ ಇದೇ ಮೊದಲು. 1357ರ ಸುಮಾರಿಗೆ ಮುಗೀತು. ಕಟ್ಟಿಸಿದವನು ಸಾಮುಯೆಲ್ ಹಾ-ಲೇವಿ, ರಾಜ ಪೆದ್ರೊನ ಖಜಾಂಚಿ. ಹೊರಗಿಂದ ಏನೂ ಇಲ್ಲ, ಇಟ್ಟಿಗೆ ಗೋಡೆ. ಒಳಗೆ ಸುಮಾರು 23 ಮೀಟರ್ ಉದ್ದದ ಒಂದೇ ಹಾಲ್, ಮೇಲೆ ಕೆತ್ತನೆ ಮಾಡಿದ ಮರದ ಚಾವಣಿ. ಪೂರ್ವದ ಗೋಡೆ ಹತ್ರ ಹೋಗಿ ನಿಧಾನ ನೋಡಿ. ಗಾರೆಯಲ್ಲಿ ಬಳ್ಳಿ, ಎಲೆ, ಜಾಲಂದ್ರದ ಕೆತ್ತನೆ, ಅದ್ರ ಸುತ್ತ ಹೀಬ್ರೂ ಅಕ್ಷರಗಳ ಪಟ್ಟಿ, ದೇವರ ಸ್ತೋತ್ರದ ಜೊತೆ ರಾಜನ ಹೊಗಳಿಕೆ, ಸಾಮುಯೆಲ್‌ನ ಹೊಗಳಿಕೆ. ಬಳ್ಳಿಗಳ ಮಧ್ಯೆ ಅರಬ್ಬಿ ಅಕ್ಷರಗಳೂ ಇವೆ. ಅವೆಲ್ಲದರ ಜೊತೆಗೆ ಕೋಟೆ ಮತ್ತು ಸಿಂಹದ ಗುರುತು, ಅದು ಕಾಸ್ತೀಲ್ ಮತ್ತು ಲೆಯೋನ್‌ನ ರಾಜಲಾಂಛನ. ಮೂರು ಸಂಸ್ಕೃತಿ ಒಂದೇ ಗೋಡೆ ಮೇಲೆ, ಜಾಹೀರಾತು ನಿಜ ಅನ್ಸುತ್ತೆ ಅಲ್ವಾ? ಆದ್ರೆ ಆ ಲಾಂಛನ ಸುಮ್ನೆ ಬಂದಿಲ್ಲ. ಅಲ್ಲಿನ ಕಾನೂನಿನಲ್ಲಿ ರಾಜನ ಅಪ್ಪಣೆ ಇಲ್ಲದೆ ಹೊಸ ಸಿನಗಾಗ್ ಕಟ್ಟೋ ಹಂಗಿರ್ಲಿಲ್ಲ. ಅದು ಒಂಥರಾ ಪರ್ಮಿಟ್. ಕೆಲವೇ ವರ್ಷದಲ್ಲಿ ಅದೇ ರಾಜ ಸಾಮುಯೆಲ್‌ನನ್ನ ಹಿಡಿಸಿ, ಆಸ್ತಿ ಮುಟ್ಟುಗೋಲು ಹಾಕ್ಕೊಂಡ, ದಕ್ಷಿಣದ ಸೆವಿಯಾ ಊರಲ್ಲಿ ಚಿತ್ರಹಿಂಸೆಯಲ್ಲಿ ಅವ್ನು ಸತ್ತ. ಗೋಡೆ ಮೇಲೆ ಆ ರಾಜನ ಹೊಗಳಿಕೆ ಹಂಗೇ ಇದೆ.

ಆಮೇಲಿಂದು ಬೇಗ ಹೇಳ್ತೀನಿ, ಕೇಳೋಕೂ ಹಿತ ಇಲ್ಲ. 1391ರಲ್ಲಿ ಸೆವಿಯಾದಲ್ಲಿ ಶುರುವಾದ ಯಹೂದಿಗಳ ಮಾರಣಹೋಮ ಟೊಲೆಡೊಗೂ ಬಂತು. ಜೀವ ಉಳಿಸ್ಕೊಳೋಕೆ ಬಹಳ ಜನ ಮತಾಂತರ ಆದ್ರು. ಮತಾಂತರ ಆದ್ಮೇಲಾದ್ರೂ ಬಿಟ್ರಾ? 1449ರಲ್ಲಿ ಒಂದು ತೆರಿಗೆ ಗಲಾಟೆ ನೆಪದಲ್ಲಿ ಟೊಲೆಡೊದಲ್ಲಿ ಹೊಸ ಕ್ರೈಸ್ತರ ಮನೆ ಸುಟ್ರು, ಆಮೇಲೆ ಯಹೂದಿ ಮೂಲದವರು ಊರಿನ ಅಧಿಕಾರದಲ್ಲಿ ಇರೋ ಹಂಗಿಲ್ಲ ಅಂತ ಶಾಸನ ಮಾಡಿದ್ರು. ನಂಬಿಕೆ ಯಾವ್ದಾದ್ರೂ ಆಗ್ಲಿ, ರಕ್ತ ನೋಡ್ಬೇಕು ಅಂತ. ಆಗಿನ ಪೋಪ್ ಇದನ್ನ ಖಂಡಿಸಿದ್ರೂ ಆ ಯೋಚನೆ ನಿಲ್ಲಲಿಲ್ಲ, ಮುಂದೆ ಸ್ಪೇನ್ ಪೂರ್ತಿ ಹಬ್ತು. 1492ರಲ್ಲಿ ಉಳಿದ ಯಹೂದಿಗಳಿಗೆ ಮತಾಂತರ ಆಗಿ ಇಲ್ಲಾ ಹೊರಡಿ ಅಂತ ಆಜ್ಞೆ. 1502ರಲ್ಲಿ ಕಾಸ್ತೀಲ್‌ನ ಮುಸ್ಲಿಮರಿಗೂ ಅದೇ. ಮತಾಂತರ ಆದ ಮುಸ್ಲಿಮರ ಮಕ್ಕಳು ಮೊಮ್ಮಕ್ಕಳನ್ನೂ 1609ರಿಂದ ಹಡಗು ಹತ್ತಿಸಿ ಕಳಿಸಿದ್ರು. ಇಂಥದ್ದು ಮೊದಲೂ ಆಗಿತ್ತು ಅನ್ನೋದನ್ನೂ ಸೇರಿಸ್ಬೇಕು, ವಿಸಿಗೋಥ್ ಕಾಲದಲ್ಲಿ 694ರ ಟೊಲೆಡೊ ಧರ್ಮಸಭೆ ಯಹೂದಿಗಳನ್ನ ಗುಲಾಮರನ್ನಾಗಿ ಮಾಡ್ಬೇಕು ಅಂತ ತೀರ್ಮಾನ ಮಾಡಿತ್ತು. ಆ ಅಜ್ಜಿಗೆ ಉತ್ತರ ಇಷ್ಟು. ಹೊರಟು ಹೋದ ಯಹೂದಿಗಳ ವಂಶದವರಿಗೆ ಪೌರತ್ವ ಕೊಡ್ತೀವಿ ಅಂತ ಸ್ಪೇನ್ ಕಾನೂನು ಮಾಡಿದ್ದು 2015ರಲ್ಲಿ.

ಅಲ್ಲಿಂದ ನಾಲ್ಕು ಹೆಜ್ಜೆ ಹೋದ್ರೆ ಸಾನ್ ಹುವಾನ್ ದೆ ಲೊಸ್ ರೆಯೆಸ್ ಮಠ. 1492ರ ಆಜ್ಞೆ ಹೊರಡಿಸಿದ ಇಸಬೆಲ್ಲಾ ಫರ್ಡಿನಾಂಡ್ ದಂಪತಿಯೇ ಕಟ್ಟಿಸಿದ್ದು, ತಮ್ಮ ಸಮಾಧಿಗೆ ಅಂತ, ಆಮೇಲೆ ದಕ್ಷಿಣದಲ್ಲಿದ್ದ ಕೊನೇ ಮುಸ್ಲಿಂ ರಾಜ್ಯ ಗ್ರನಾಡಾ ಗೆದ್ದು ಸಮಾಧಿ ಅಲ್ಲಿಗೆ ಹೋಯ್ತು. ಹೊರಗೋಡೆ ಮೇಲೆ ತಲೆ ಎತ್ತಿ ನೋಡಿ, ಕಬ್ಬಿಣದ ಸಂಕೋಲೆಗಳು ಸಾಲಾಗಿ ನೇತಾಡ್ತಿವೆ. ಗ್ರನಾಡಾದಲ್ಲಿ ಸೆರೆ ಇದ್ದ ಕ್ರೈಸ್ತರನ್ನ ಬಿಡಿಸಿದಾಗ ತಂದ ಸಂಕೋಲೆ ಅಂತಾರೆ. ಯಹೂದಿ ಕೇರಿಯ ಬಾಯಲ್ಲೇ ಇದನ್ನ ನೇತುಹಾಕಿರೋದು ಯಾರಿಗೆ ಕಾಣ್ಲಿ ಅಂತ, ನೀವೇ ಹೇಳಿ.

ಸಾಂತೊ ತೊಮೆ ಚರ್ಚ್ ಅಲ್ಲೇ ಹತ್ರ. ಎಲ್ ಗ್ರೆಕೊ ಬರೆದ ಆರ್ಗಾಸ್ ದೊರೆಯ ಶವಸಂಸ್ಕಾರದ ಚಿತ್ರ ಅಲ್ಲಿದೆ, 1586ರಿಂದ 88, ಬರೆದ ಚರ್ಚಿನಲ್ಲೇ ಇವತ್ತೂ ಇದೆ. ಗ್ರೀಕ್ ಮನುಷ್ಯ, ಕ್ರೀಟ್ ದ್ವೀಪದಲ್ಲಿ ಹುಟ್ಟಿ, ವೆನಿಸ್, ರೋಮ್ ಅಲೆದು 1577ರಲ್ಲಿ ಟೊಲೆಡೊಗೆ ಬಂದವನು, ಸಾಯೋವರೆಗೂ ಇಲ್ಲೇ ಇದ್ದ, ಆದ್ರೆ ಸಹಿ ಮಾತ್ರ ಗ್ರೀಕ್ ಅಕ್ಷರದಲ್ಲೇ. ಚಿತ್ರದ ಎಡಗಡೆ ಕೆಳಗೆ ಒಬ್ಬ ಹುಡುಗ ಬೆರಳು ತೋರಿಸ್ಕೊಂಡು ನಿಂತಿದಾನೆ, ಅವ್ನ ಜೇಬಿಂದ ಇಣುಕ್ತಿರೋ ಕರವಸ್ತ್ರದ ಮೇಲೆ ಸಹಿ ಮತ್ತೆ 1578 ಅನ್ನೋ ಇಸವಿ, ಅದು ಎಲ್ ಗ್ರೆಕೊ ಮಗ ಹುಟ್ಟಿದ ವರ್ಷ. ಈ ಚಿತ್ರದ ಹಿಂದಿನ ಕಥೆ ನನಗೆ ಇನ್ನೂ ಇಷ್ಟ. ಆ ದೊರೆ 1323ರಲ್ಲಿ ಸತ್ತವನು, ಆರ್ಗಾಸ್ ಊರಿನವರು ವರ್ಷಾವರ್ಷ ಈ ಚರ್ಚಿಗೆ ಕಾಣಿಕೆ ಕೊಡ್ಬೇಕು ಅಂತ ವಿಲ್ ಬರೆದಿದ್ದ. ಎರಡು ಶತಮಾನ ದಾಟಿದ ಮೇಲೆ ಊರಿನವರು ನಿಲ್ಲಿಸಿದ್ರು. ಪಾದ್ರಿ ಕೇಸ್ ಹಾಕಿ ಗೆದ್ದ, ಆ ಖುಷಿಗೆ ಚಿತ್ರ ಬರೆಸಿದ. ಚಿತ್ರಕ್ಕೆ 1200 ಡುಕಾಟ್ ಅಂತ ಬೆಲೆ ಕಟ್ಟಿದಾಗ ಜಾಸ್ತಿ ಆಯ್ತು ಅಂತ ಪಾದ್ರಿ ತಕರಾರು ತೆಗೆದ, ಎರಡನೇ ಸಲ ಬೆಲೆ ಕಟ್ಟೋರನ್ನ ಕರೆಸಿದ್ರೆ ಅವ್ರು 1600 ಅಂದ್ರು! ಕೊನೆಗೆ 1200ಕ್ಕೇ ಒಪ್ಕೊಂಡ್ರು.

ಅಂಗಡಿಗಳ ವಿಷಯ ಕೇಳೇ ಕೇಳ್ತೀರ, ಹೇಳ್ಬಿಡ್ತೀನಿ. ಗ್ರೂಪ್‌ನ ಅಂಗಡಿಗೆ ಕರ್ಕೊಂಡು ಹೋದ್ರೆ ಕರ್ಕೊಂಡು ಹೋದವರಿಗೆ ಕಮಿಷನ್ ಇರುತ್ತೆ, ಇದೇನು ಗುಟ್ಟಲ್ಲ. ಆದ್ರೆ ದಮಸ್ಕಿನಾದೊ ಕೆಲಸ ಮಾಡೋನು ಒಬ್ಬ ಕೂತಿದ್ರೆ ಐದು ನಿಮಿಷ ನಿಂತು ನೋಡಿ. ಉಕ್ಕಿನ ತಟ್ಟೆ ಮೇಲೆ ಸಣ್ಣ ಸಣ್ಣ ಗೀರು ಹಾಕಿ, ಕೂದಲಿನಷ್ಟು ತೆಳು ಚಿನ್ನದ ತಂತಿ ಇಟ್ಟು ಪುಟ್ಟ ಸುತ್ತಿಗೆಯಲ್ಲಿ ಬಡಿದು ಕೂರಿಸ್ತಾನೆ, ಆಮೇಲೆ ಉಕ್ಕನ್ನ ಕಪ್ಪು ಮಾಡ್ತಾರೆ, ಚಿನ್ನ ಹಂಗೇ ಹೊಳೆಯುತ್ತೆ. ಬೀದರ್‌ನವರು ಯಾರಾದ್ರೂ ಇದ್ರೆ ನಗ್ತಿರ್ತಾರೆ ಈಗ, ಬಿದ್ರಿ ಕೆಲಸದ ಸೋದರಸಂಬಂಧಿ ಇದು, ಅಲ್ಲಿ ಬೆಳ್ಳಿ, ಇಲ್ಲಿ ಚಿನ್ನ. ಮಷೀನ್‌ನಲ್ಲಿ ಅಚ್ಚು ಹಾಕಿದ್ದೂ ಪಕ್ಕದಲ್ಲೇ ಮಾರ್ತಾರೆ, ಹಿಂದುಗಡೆ ತಿರುಗಿಸಿ ನೋಡಿ, ಬೆಲೆ ನೋಡಿ, ಗೊತ್ತಾಗುತ್ತೆ. ಕತ್ತಿ ತಗೊಂಡ್ರೆ ಚೆಕ್‌ಇನ್ ಲಗೇಜ್‌ಗೆ ಹಾಕಿ, ಕೈಯಲ್ಲಿ ಹಿಡ್ಕೊಂಡು ಏರ್‌ಪೋರ್ಟ್‌ಗೆ ಹೋಗ್ಬೇಡಿ, ಹೋದವರಿದಾರೆ.

ಟಿಕೆಟ್ ಬಗ್ಗೆ ಯಾರೋ ಚೀಟಿ ಕಳ್ಸಿದಾರೆ. ಕೈಗೆ ಕಟ್ಟೋ ಟೂರಿಸ್ಟ್ ಬಳೆ ಅಂತ ಸಿಗುತ್ತೆ, ಅದ್ರಲ್ಲಿ ಏಳು ಜಾಗ ನೋಡ್ಬೋದು, ಕ್ರಿಸ್ತೊ ದೆ ಲಾ ಲೂಸ್, ಸಾಂತಾ ಮರಿಯಾ, ಸಾಂತೊ ತೊಮೆ, ಸಾನ್ ಹುವಾನ್ ಎಲ್ಲ ಬರುತ್ತೆ. ಕೆಥೆಡ್ರಲ್ ಮತ್ತೆ ಎಲ್ ತ್ರಾನ್ಸಿತೊ ಅದ್ರಲ್ಲಿ ಬರಲ್ಲ, ಬೇರೆ ತಗೋಬೇಕು. ಎಲ್ ತ್ರಾನ್ಸಿತೊ ಸರ್ಕಾರಿ ಮ್ಯೂಸಿಯಂ, ಸೋಮವಾರ ರಜ. ಹಂಗಾಗಿ ನಿಮ್ಮ ಏಜೆನ್ಸಿಯವರು ಟೊಲೆಡೊನ ಸೋಮವಾರಕ್ಕೆ ಹಾಕಿದ್ರೆ ಬುಕಿಂಗ್‌ಗೆ ಮುಂಚೆನೇ ಜಗಳ ಮಾಡಿ ದಿನ ಬದಲಾಯಿಸ್ಕೊಳಿ. ಇನ್ನು, ಅರ್ಧ ದಿನವೇ ಇರೋದು, ಏನು ಮಾಡೋದು ಅಂತ ಕೇಳಿದ್ರಲ್ಲ ಮೇಡಂ, ನಾನಾಗಿದ್ರೆ ಅಂಗಡಿಗೆ ಬರಲ್ಲ ಅಂತೀನಿ, ಕೆಥೆಡ್ರಲ್ ಒಳಗಡೆಯನ್ನೂ ಬಿಡ್ತೀನಿ, ನೇರ ಆ ಪುಟ್ಟ ಮಸೀದಿ, ಅಲ್ಲಿಂದ ಎಲ್ ತ್ರಾನ್ಸಿತೊ, ಹೊರಗೆ ಬಂದು ಸಂಕೋಲೆ ನೋಡ್ಕೊಂಡು ಸಾನ್ ಮಾರ್ತಿನ್ ಸೇತುವೆ ಕಡೆ ಇಳಿದು ಕೋಚ್ ಹತ್ತಿ. ಎರಡೂವರೆ ಗಂಟೆ ಸಾಕು.